ಅಗಬನ ಎಚ್ಚರಿಕೆಯನ್ನು ಪೌಲ ಯಾಕೆ ಕೇಳಲಿಲ್ಲ? ಹುಡುಗನಿಗೆ ಏನು ಉತ್ತರ ಕೊಡಲಿ?

ಸಂಡೇಸ್ಕೂಲ್ ಟೀಚರ್ (ಸೋಮವಾರ, ರಾತ್ರಿ 9.40)

ಎಲ್ಲರಿಗೂ ವಂದನೆ. ನಮ್ಮ ಸಭೆಯಲ್ಲಿ ಹತ್ತರಿಂದ ಹದಿಮೂರು ವಯಸ್ಸಿನ ಮಕ್ಕಳಿಗೆ ಸಂಡೇ ಸ್ಕೂಲ್ ಪಾಠ ಮಾಡುತ್ತೇನೆ. ಈ ತಿಂಗಳು ಬೈಬಲಿನ ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು ಪುಸ್ತಕ. ನಿನ್ನೆ 21ನೆಯ ಅಧ್ಯಾಯಕ್ಕೆ ಬಂದೆವು. ಊರೂರು ತಿರುಗಿ ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಯೆರೂಸಲೇಮಿಗೆ ಹೊರಟು ಕೈಸರೈಯದಲ್ಲಿ ಫಿಲಿಪ್ಪನ ಮನೆಯಲ್ಲಿ ಇಳಿದುಕೊಂಡಿದ್ದಾನೆ. ಯೂದಾಯದಿಂದ ಅಗಬನೆಂಬ ಪ್ರವಾದಿ ಬಂದು, ಪೌಲನ ನಡುಕಟ್ಟನ್ನು ತೆಗೆದುಕೊಂಡು ತನ್ನದೇ ಕೈಕಾಲುಗಳನ್ನು ಕಟ್ಟಿಕೊಂಡು, ಈ ನಡುಕಟ್ಟು ಯಾರದೋ ಅವನನ್ನು ಯೆರೂಸಲೇಮಿನಲ್ಲಿ ಹೀಗೆಯೇ ಕಟ್ಟಿ ಅನ್ಯಜನರ (ಯೆಹೂದ್ಯರಲ್ಲದವರ) ಕೈಗೆ ಒಪ್ಪಿಸುತ್ತಾರೆ, ಇದು ಪವಿತ್ರಾತ್ಮನ ಮಾತು ಎನ್ನುತ್ತಾನೆ. ಅಲ್ಲಿದ್ದವರೆಲ್ಲ ಅಳುತ್ತಾರೆ. ಪೌಲ ಹೊರಟೇ ಹೋಗುತ್ತಾನೆ.

ನಾನು ಪ್ರತಿ ವರ್ಷ ಹೇಳುವಂತೆಯೇ, "ನೋಡಿ ಮಕ್ಕಳೇ, ಅಪಾಯ ಕಣ್ಣೆದುರಿಗಿದ್ದರೂ ಪೌಲ ದೇವರಿಗೆ ವಿಧೇಯನಾದ" ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. "ಟೀಚರ್, ಅಗಬ ಹೇಳಿದ್ದೂ ದೇವರ ಮಾತೇ ಅಲ್ಲವೇ? ಪೌಲ ಅದನ್ನು ಕೇಳಲಿಲ್ಲವಲ್ಲ. ಹಾಗಾದರೆ ಅದು ವಿಧೇಯತೆ ಹೇಗಾಯಿತು?"

ಮುಂದಿನ ವಾರ ಹೇಳುತ್ತೇನೆ ಎಂದು ತಪ್ಪಿಸಿಕೊಂಡು ಬಂದೆ. ಮನೆಯಲ್ಲಿ ಮತ್ತೆ ಓದಿದರೆ ಇನ್ನೂ ದೊಡ್ಡ ತೊಡಕು ಕಂಡಿತು. ಅದೇ ಅಧ್ಯಾಯದ 4ನೆಯ ವಚನದಲ್ಲಿ ತೂರ್ ಪಟ್ಟಣದ ಶಿಷ್ಯರು ಆತ್ಮನ ಪ್ರೇರಣೆಯಿಂದಲೇ ಯೆರೂಸಲೇಮಿಗೆ ಹೋಗಬೇಡ ಎಂದರಂತೆ. ಇಷ್ಟು ವರ್ಷ ಅದನ್ನು ಗಮನಿಸಿಯೇ ಇರಲಿಲ್ಲ. ಭಾನುವಾರದೊಳಗೆ ನನಗೆ ಒಂದು ಪ್ರಾಮಾಣಿಕ ಉತ್ತರ ಬೇಕು. ಸಹಾಯ ಮಾಡಿ.

ಹಳೆಯ ಓದುಗ

ಆ ಹುಡುಗನಿಗೆ ಮೊದಲು ಒಂದು ಶಹಬ್ಬಾಸ್ ಹೇಳಿ.

ನನ್ನ ಉತ್ತರ ಇಷ್ಟು. ಅಗಬನ ಮಾತನ್ನು ಒಂದೊಂದೇ ಪದವಾಗಿ ಓದಿ. "ಹೀಗಾಗುತ್ತದೆ" ಎಂದನೇ ಹೊರತು "ಹೋಗಬೇಡ" ಎಂದು ಅವನು ಹೇಳಲೇ ಇಲ್ಲ. ಹೋಗಬೇಡ ಎಂದವರು ಸುತ್ತ ನಿಂತಿದ್ದವರು. ಈ ಪುಸ್ತಕ ಬರೆದ ಲೂಕ ತನ್ನನ್ನೂ ಅವರ ಜೊತೆ ಸೇರಿಸಿಕೊಂಡೇ "ನಾವೂ ಆ ಸ್ಥಳದವರೂ ಬೇಡಿಕೊಂಡೆವು" ಎಂದು ಬರೆಯುತ್ತಾನೆ. ಆತ್ಮನು ತಿಳಿಸಿದ್ದು ಸಂಕೋಲೆಯ ಸುದ್ದಿಯನ್ನು. ಆ ಸುದ್ದಿ ಕೇಳಿ ಪ್ರೀತಿಯಿಂದ ಹೊರಟ ಬೇಡಿಕೆ ಜನರದು. ಎರಡನ್ನೂ ಬೇರೆ ಮಾಡಿ ತೋರಿಸಿದರೆ ಹುಡುಗನಿಗೆ ಅರ್ಥವಾಗುತ್ತದೆ.

ನೇರ ಮಾತು

ಹಳೆಯ ಓದುಗರೇ, ಅಗಬನ ವಿಷಯದಲ್ಲಿ ನಿಮ್ಮ ಮಾತು ಸರಿ. ಆದರೆ ಟೀಚರ್ ಕೇಳಿದ 4ನೆಯ ವಚನವನ್ನು ನೀವು ಮುಟ್ಟಲೇ ಇಲ್ಲ. ಗ್ರೀಕ್ ಮೂಲದಲ್ಲಿ "ದಿಯಾ ತೂ ಪ್ನೆವ್ಮಾತೋಸ್" ಎಂದಿದೆ, ಅಂದರೆ ಆತ್ಮನ ಮೂಲಕ. ಅಗಬನ ಮೊದಲ ಪ್ರವಾದನೆಯನ್ನು 11ನೆಯ ಅಧ್ಯಾಯದಲ್ಲಿ ಹೇಳುವಾಗಲೂ ಲೂಕ ಇದೇ ಪದಗಳನ್ನು ಬಳಸುತ್ತಾನೆ. ಅಲ್ಲಿ ದೇವರ ಮಾತು ಎಂದು ಒಪ್ಪಿ, ಇಲ್ಲಿ ಜನರ ಅಳಲು ಎನ್ನುವುದು ಯಾವ ನ್ಯಾಯ? ಪೌಲ ತಪ್ಪು ಮಾಡಿದ ಎಂದು ಒಪ್ಪಿಕೊಂಡರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಪೇತ್ರ ತಪ್ಪು ಮಾಡಿದ್ದಾನೆ, ಪೌಲನೂ ಮನುಷ್ಯನೇ.

ಕರಾವಳಿಯವಳು

ಪೌಲನದು ತಪ್ಪಾಗಿದ್ದರೆ 23ನೆಯ ಅಧ್ಯಾಯದ 11ನೆಯ ವಚನಕ್ಕೆ ಏನು ಹೇಳುತ್ತೀರಿ? ಸೆರೆ ಸಿಕ್ಕ ಮರುದಿನದ ರಾತ್ರಿ ಕರ್ತನೇ ಪಕ್ಕದಲ್ಲಿ ನಿಂತು, ಧೈರ್ಯವಾಗಿರು, ಯೆರೂಸಲೇಮಿನಲ್ಲಿ ನನ್ನ ವಿಷಯವಾಗಿ ಸಾಕ್ಷಿ ಹೇಳಿದಂತೆ ರೋಮಿನಲ್ಲಿಯೂ ಹೇಳಬೇಕು ಎನ್ನುತ್ತಾನೆ. ಗದರಿಕೆಯ ಒಂದು ಪದವೂ ಇಲ್ಲ.

ನೇರ ಮಾತು

ತಪ್ಪು ಮಾಡಿದ ಮಗನನ್ನೂ ತಂದೆ ಜೈಲಿಗೆ ಹೋಗಿ ಸಮಾಧಾನ ಮಾಡುತ್ತಾನೆ ಅಕ್ಕ. ಸಮಾಧಾನ ಮಾಡಿದ ಮಾತ್ರಕ್ಕೆ ಮಾಡಿದ್ದು ಸರಿ ಎಂದಾಗುವುದಿಲ್ಲ.

ಕರಾವಳಿಯವಳು

ಹಾಗೆ ಮಾಡುವ ತಂದೆ "ನೀನು ಇಲ್ಲಿ ಮಾಡಿದಂತೆಯೇ ಮುಂದಿನ ಊರಿನಲ್ಲಿಯೂ ಮಾಡು" ಎಂದು ಹೇಳುವುದಿಲ್ಲ ತಮ್ಮಾ!

ಸರಕು ಹಡಗಿನವನು

ಹದಿನಾಲ್ಕು ವರ್ಷ ಸರಕು ಹಡಗಿನಲ್ಲಿ ದುಡಿದವನು ನಾನು. 20 ಮತ್ತು 21ನೆಯ ಅಧ್ಯಾಯಗಳನ್ನು ಓದುವಾಗ ದೇವಶಾಸ್ತ್ರಕ್ಕಿಂತ ಮೊದಲು ನನಗೆ ಕಾಣಿಸುವುದು ಪ್ರಯಾಣದ ದಾರಿ. ಕೋಸ್, ರೋದ, ಪಾತರ. ಇವು ದಡದ ಪಕ್ಕದಲ್ಲಿಯೇ ಸಾಗುವ ಸಣ್ಣ ಹಡಗಿನ ನಿಲ್ದಾಣಗಳು. ಪಾತರದಲ್ಲಿ ಹಡಗು ಬದಲಾಯಿಸುತ್ತಾರೆ. ಅಲ್ಲಿಂದ ತೂರ್ ಪಟ್ಟಣ ಇರುವ ಫೊಯಿನಿಕೆಗೆ ನೇರ ಪ್ರಯಾಣ, ಕುಪ್ರದ್ವೀಪ ಎಡಗಡೆ ಕಾಣಿಸಿ ಹಿಂದೆ ಉಳಿಯಿತು ಎಂದು ಲೂಕ ಬರೆಯುತ್ತಾನೆ. ದಡ ಬಿಟ್ಟು ಸುಮಾರು ಆರುನೂರು ಕಿಲೋಮೀಟರ್ ತೆರೆದ ಸಮುದ್ರವನ್ನು ದಾಟಬೇಕಾದರೆ ಅದು ದೊಡ್ಡ ಸರಕು ಹಡಗೇ ಆಗಿರಬೇಕು. ದ್ವೀಪ ಎಡಗಡೆ ಸರಿಯಿತು ಎನ್ನುವ ಆ ಒಂದು ಮಾತು ಹಡಗಿನ ಮೇಲೆ ನಿಂತು ನೋಡಿದವನಿಗೆ ಮಾತ್ರ ನೆನಪಿರುವಂಥದ್ದು.

ಇದನ್ನು ಯಾಕೆ ಹೇಳಿದೆ ಎಂದರೆ, ಯೆಹೂದ್ಯರ ಪಂಚಾಶತ್ತಮ ಹಬ್ಬಕ್ಕೆ ಯೆರೂಸಲೇಮಿನಲ್ಲಿ ಇರಬೇಕೆಂದು ಪೌಲ ಅವಸರದಲ್ಲಿದ್ದ. ಆ ಅವಸರಕ್ಕೇ ಎಫೆಸಕ್ಕೆ ಹೋಗದೆ, ಅಲ್ಲಿನ ಹಿರಿಯರನ್ನು ಮಿಲೇತಕ್ಕೆ ಕರೆಸಿಕೊಂಡ. ತೂರಿನಲ್ಲಿ ಹಡಗು ಸರಕು ಇಳಿಸಬೇಕಿತ್ತು, ಏಳು ದಿನ ನಿಂತರು. ದೊಡ್ಡ ಹಡಗು ಗಾಳಿ ಹಿಡಿದು ಬಂದದ್ದರಿಂದ ದಿನಗಳು ಉಳಿದಿರಬೇಕು. ಕೈಸರೈಯದಲ್ಲಿ "ಅನೇಕ ದಿನ" ಇದ್ದರು ಎಂದಿದೆ. ಅಲ್ಲಿಂದ ಯೆರೂಸಲೇಮಿಗೆ ಸುಮಾರು ನೂರು ಕಿಲೋಮೀಟರ್, ಕಾಲ್ನಡಿಗೆಯಾದರೂ ಕೆಲವೇ ದಿನದ ದಾರಿ. ಅಂದರೆ ಪೌಲನಿಗೆ ಯೋಚಿಸಲು ಸಮಯ ಇತ್ತು. ಹಿಂದಿರುಗಲು ಬಂದರಿನಲ್ಲಿ ಹಡಗುಗಳೂ ಇದ್ದವು. ಆವೇಶದಲ್ಲಿ ಎದ್ದು ಹೋದವನಲ್ಲ ಅವನು.

ಗದಗಿನ ಓದುಗ

ಸರಕು ಹಡಗಿನವರೇ, ಇಂಥ ಓದು ಎಲ್ಲಿಯೂ ಸಿಗುವುದಿಲ್ಲ. ದಯವಿಟ್ಟು 27ನೆಯ ಅಧ್ಯಾಯದ ಬಿರುಗಾಳಿಯ ಬಗ್ಗೆ ಪ್ರತ್ಯೇಕವಾಗಿ ಬರೆಯಿರಿ.

ಸರಕು ಹಡಗಿನವನು

ಖಂಡಿತ ಬರೆಯುತ್ತೇನೆ. ಅಲ್ಲಿ ಎಚ್ಚರಿಸುವವನು ಪೌಲ, ಕೇಳದೆ ಹೊರಟವರು ಕೈದಿ ಪೌಲನನ್ನು ರೋಮಿಗೆ ಒಯ್ಯುತ್ತಿದ್ದ ಶತಾಧಿಪತಿ (ನೂರು ಸಿಪಾಯಿಗಳ ನಾಯಕ) ಮತ್ತು ಹಡಗಿನ ಯಜಮಾನ. ಕಾಲ ಮೀರಿದೆ, ಈಗ ಹೊರಟರೆ ಹಡಗಿಗೂ ಪ್ರಾಣಕ್ಕೂ ನಷ್ಟ ಎಂದ. ಕೇಳಲಿಲ್ಲ. 276 ಜನ ಮೆಲೀತೆ ದ್ವೀಪದ ದಡಕ್ಕೆ ಹಲಗೆ ಹಿಡಿದು ಈಜಿ ಸೇರಬೇಕಾಯಿತು. ಎಚ್ಚರಿಕೆಗೆ ಬೆಲೆ ಕೊಡಬೇಕೆಂದು ಪೌಲನಿಗೆ ಗೊತ್ತಿಲ್ಲದಿರಲಿಲ್ಲ.

ಮಗಳ ತಾಯಿ

ನೀವೆಲ್ಲ ಪೌಲನ ಕಡೆಯಿಂದ ಮಾತನಾಡುತ್ತಿದ್ದೀರಿ. ನಾನು ಅಳುತ್ತಿದ್ದವರ ಕಡೆಯವಳು.

ನನ್ನ ಮಗಳು ನರ್ಸ್. 2020ರಲ್ಲಿ ಕೊರೋನಾ ವಾರ್ಡಿಗೆ ಹೆಸರು ಕೊಡುತ್ತೇನೆ ಎಂದಾಗ ನಾನು ಎರಡು ದಿನ ಊಟ ಬಿಟ್ಟೆ. ನಿನಗೆ ಆಸ್ತಮಾ ಇದೆ, ಬೇಡ ಎಂದೆ. ಅವಳ ತಂದೆಯ ಫೋಟೊ ಮುಂದೆ ನಿಲ್ಲಿಸಿ ಕೇಳಿದೆ. ಅವಳು ನನ್ನ ಕೈ ಹಿಡಿದು, "ಅಮ್ಮಾ, ನೀನು ಅಳುತ್ತಿದ್ದರೆ ನನಗೆ ಕೆಲಸ ಮಾಡಲು ಆಗುವುದಿಲ್ಲ" ಎಂದಳು. ಆ ಭಾನುವಾರ ಆರಾಧನೆ ಮೊಬೈಲಿನಲ್ಲಿ. ಓದಿದ ವಾಕ್ಯ ಇದೇ ಆಗಿತ್ತು, "ನೀವು ಅತ್ತು ನನ್ನ ಹೃದಯವನ್ನು ಯಾಕೆ ಒಡೆಯುತ್ತೀರಿ?" ಅಲ್ಲಿಯವರೆಗೆ ಪೌಲನಿಗೆ ಕಲ್ಲೆದೆ ಎಂದುಕೊಂಡಿದ್ದೆ. ಅವರ ಅಳು ಅವನನ್ನೂ ಒಡೆಯುತ್ತಿತ್ತು ಎಂದು ಆ ದಿನ ಗೊತ್ತಾಯಿತು.

ಅವಳು ಹೋದಳು. ಹನ್ನೊಂದು ತಿಂಗಳು ಮನೆಯ ಹಿಂದಿನ ಕೋಣೆಯಲ್ಲಿ ಬೇರೆಯಾಗಿಯೇ ಮಲಗಿದಳು. ಬಾಗಿಲ ಹೊರಗೆ ತಟ್ಟೆ ಇಟ್ಟು ಬರುತ್ತಿದ್ದೆ. ದೇವರ ದಯೆಯಿಂದ ಚೆನ್ನಾಗಿದ್ದಾಳೆ. ಆದರೂ ಹೇಳುತ್ತೇನೆ, ನಾನು ಬೇಡ ಎಂದದ್ದು ಪಾಪವಲ್ಲ. ತೂರಿನವರದೂ ಅಲ್ಲ.

ಹಳೆಯ ಓದುಗ

ಅಮ್ಮಾ, ನಿಮ್ಮ ಮಾತು ಓದಿ ಕಣ್ಣು ತುಂಬಿ ಬಂದಿತು. ಖಂಡಿತ ಪಾಪವಲ್ಲ. ಪೌಲ ಅವರನ್ನು ಗದರಿಸಲಿಲ್ಲ, ಅವಿಶ್ವಾಸಿಗಳು ಎನ್ನಲಿಲ್ಲ. ಆ ಒಡೆಯುವುದು ಎಂಬ ಗ್ರೀಕ್ ಕ್ರಿಯಾಪದಕ್ಕೆ ಜಜ್ಜಿ ಚೂರು ಮಾಡು ಎನ್ನುವಷ್ಟು ಬಲ ಇದೆ. ತೂರಿನಲ್ಲಿಯೂ ನೋಡಿ, ಹೋಗಬೇಡ ಎಂದ ಆ ಶಿಷ್ಯರೇ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರ ಹೊರಗಿನವರೆಗೆ ಬಂದು, ಸಮುದ್ರದ ದಡದಲ್ಲಿ ಮೊಣಕಾಲೂರಿ ಪ್ರಾರ್ಥಿಸಿ ಕಳುಹಿಸಿದರು. ಏಳೇ ದಿನದ ಪರಿಚಯ! ಅವರ ಮಾತನ್ನು ಮೀರಿ ಹೊರಟವನ ಮೇಲೆ ಅವರಿಗೆ ಸಿಟ್ಟಿರಲಿಲ್ಲ.

ಅಪ್ಪನ ಸಾಲ

ಕ್ಷಮಿಸಿ, ನಾನು ಈ ಸಂಭ್ರಮದಲ್ಲಿ ಸೇರಲಾರೆ. ನಮ್ಮ ತಂದೆ ಇದೇ ಅಧ್ಯಾಯವನ್ನು ಬಾಯಿಪಾಠ ಹೇಳುತ್ತಿದ್ದರು. ಸರಕಾರಿ ಕೆಲಸ ಬಿಟ್ಟು ಸುವಾರ್ತಾ ಸೇವೆಗೆ ಹೊರಟಾಗ ಅಜ್ಜ, ಚಿಕ್ಕಪ್ಪ, ಸಭಾಪಾಲಕರು ಎಲ್ಲರೂ ಬಂದು, ಮಕ್ಕಳು ಓದುತ್ತಿದ್ದಾರೆ, ಐದು ವರ್ಷ ತಡೆ ಎಂದರು. ತಂದೆ, "ನೀವೆಲ್ಲ ತೂರಿನವರು, ನಾನು ಪೌಲ" ಎಂದರು. ಮುಂದೆ ಮೂರು ಊರು ಅಲೆದೆವು, ಅಮ್ಮನ ಬಳೆ ಹೋಯಿತು, ಅಕ್ಕನ ಓದು ನಿಂತಿತು. ತಂದೆ ತೀರಿಕೊಂಡ ಮೇಲೆ ಸಾಲ ತೀರಿಸಿದವನು ನಾನು. ಅವರ ಭಕ್ತಿಯಲ್ಲಿ ನನಗೆ ಸಂಶಯ ಇಲ್ಲ. ಆದರೆ ಹಠಕ್ಕೂ ವಿಧೇಯತೆಗೂ ಹೊರಗಿನಿಂದ ನೋಡುವವನಿಗೆ ವ್ಯತ್ಯಾಸ ಕಾಣುವುದಿಲ್ಲ. ಟೀಚರ್, ಹುಡುಗನಿಗೆ ಇದನ್ನೂ ಹೇಳಿ.

ನೇರ ಮಾತು

ಇದಕ್ಕೇ ನಾನು ಹಿಡಿದು ಕೇಳುತ್ತಿರುವುದು. 4ನೆಯ ವಚನವನ್ನು ಸಲೀಸಾಗಿ ದಾಟಿಬಿಟ್ಟರೆ ನಾಳೆ ಯಾರು ಬೇಕಾದರೂ ಸಭೆಯ ಮಾತನ್ನು ಹಾಗೆಯೇ ದಾಟಬಹುದು.

ಉಪದೇಶಿಯ ಮೊಮ್ಮಗ

ಅಪ್ಪನ ಸಾಲ ಅವರೇ, ನಿಮ್ಮ ನೋವಿಗೆ ವಚನ ತೋರಿಸಿ ಮದ್ದು ಹಚ್ಚಲು ಬರುತ್ತಿಲ್ಲ. ಆದರೆ ಪೌಲನ ಹೆಸರು ಹೇಳುವವರು ಪೂರ್ತಿ ಪೌಲನನ್ನು ಹೇಳಬೇಕು ಎಂಬುದು ನನ್ನ ಹಟ. ಪೌಲನಿಗೆ ಆಗ ಹೆಂಡತಿ ಮಕ್ಕಳಿರಲಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯದಲ್ಲಿ ಅವನೇ ಹೇಳಿಕೊಂಡಿದ್ದಾನೆ, ಮದುವೆಯಾದವನಿಗೆ ಮನೆಯ ಚಿಂತೆ ಇರುವುದು ಸಹಜ ಎಂದೂ ಬರೆದಿದ್ದಾನೆ. ಮಿಲೇತದಲ್ಲಿ ಎಫೆಸದ ಹಿರಿಯರ ಮುಂದೆ ಅವನು ತೋರಿಸಿದ್ದು ತನ್ನ ಕೈಗಳನ್ನು. ಈ ಕೈಗಳೇ ದುಡಿದು ನನ್ನ ಮತ್ತು ನನ್ನ ಜೊತೆಯವರ ಕೊರತೆ ನೀಗಿದವು ಎಂದ. ಗುಡಾರ ಮಾಡುವವನ ಕೈಗಳು ಅವು. ತನ್ನ ಕರೆಯ ಖರ್ಚನ್ನು ಇನ್ನೊಬ್ಬರ ತಲೆಗೆ ಹಾಕಿದವನಲ್ಲ.

ಗದಗಿನ ಓದುಗ

ಹಾಗೆಯೇ, ಸಾಯಲು ಹಾತೊರೆಯುತ್ತಿದ್ದವನೂ ಅಲ್ಲ. ದಮಸ್ಕದಲ್ಲಿ ಕೊಲ್ಲಲು ಹೊಂಚು ಹಾಕಿದ್ದಾರೆ ಎಂದು ತಿಳಿದಾಗ ರಾತ್ರಿ ಗೋಡೆಯಿಂದ ಹೆಡಿಗೆಯಲ್ಲಿ ಇಳಿದು ತಪ್ಪಿಸಿಕೊಂಡ. ಥೆಸಲೊನೀಕದಿಂದ ರಾತ್ರೋರಾತ್ರಿ ಕಳುಹಿಸಿದರು, ಹೋದ. ಎಫೆಸದ ಗಲಭೆಯಲ್ಲಿ ನಾಟಕಶಾಲೆಯೊಳಕ್ಕೆ ಹೋಗಬೇಡ ಎಂದು ಶಿಷ್ಯರು ತಡೆದರು, ಹೋಗಲಿಲ್ಲ. ಇದೇ ಪ್ರಯಾಣದ ಆರಂಭದಲ್ಲಿ ಹಡಗು ಹತ್ತುವ ಹೊತ್ತಿಗೆ ತನ್ನ ಮೇಲೆ ಸಂಚು ನಡೆದಿದೆ ಎಂದು ತಿಳಿದು, ದಾರಿ ಬದಲಾಯಿಸಿ ಮಕೆದೋನ್ಯದ ಮೇಲಿನಿಂದ ಸುತ್ತಿ ಬಂದ. ನಾಲ್ಕು ಸಲ ಎಚ್ಚರಿಕೆ ಕೇಳಿದವನು ಐದನೆಯ ಸಲ ಯಾಕೆ ಕೇಳಲಿಲ್ಲ? ಪ್ರಶ್ನೆಯನ್ನು ಹೀಗೆ ಕೇಳಬೇಕು.

ಉಪದೇಶಿಯ ಮೊಮ್ಮಗ

ಗದಗಿನವರು ಸರಿಯಾದ ಗಂಟಿಗೆ ಕೈ ಹಾಕಿದರು. ಉತ್ತರ ಅಪೊಸ್ತಲರ ಕೃತ್ಯಗಳಲ್ಲಿ ಅರ್ಧ ಇದೆ, ಇನ್ನರ್ಧ ಪತ್ರಗಳಲ್ಲಿದೆ.

ಪೌಲನ ಜೊತೆ ಆ ಪ್ರಯಾಣದಲ್ಲಿ ಹಣ ಇತ್ತು. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಮಕೆದೋನ್ಯ ಮತ್ತು ಅಖಾಯದ ಸಭೆಗಳು ಕೂಡಿಸಿದ ಕಾಣಿಕೆ. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಆದಾಯಕ್ಕೆ ತಕ್ಕಂತೆ ತೆಗೆದಿಡಲಿ ಎಂದು ಕೊರಿಂಥದವರಿಗೆ ಬರೆದಿದ್ದ. ಎರಡನೆಯ ಪತ್ರದಲ್ಲಿ 8 ಮತ್ತು 9, ಎರಡು ಪೂರ್ತಿ ಅಧ್ಯಾಯ ಇದಕ್ಕೇ ಮೀಸಲು. ಅನ್ಯಜನರ ಸಭೆಗಳು ಯೆಹೂದ್ಯ ಸಭೆಗೆ ಕಳುಹಿಸುವ ಕಾಣಿಕೆ ಅದು. ಎರಡು ಕಡೆಯವರು ಒಂದೇ ಮನೆಯವರು ಎಂದು ತೋರಿಸುವುದು ಅವನ ಹಲವು ವರ್ಷದ ಆಸೆ. ಅದನ್ನು ಬೇರೆಯವರ ಕೈಯಲ್ಲಿ ಕಳುಹಿಸಿ ತಾನು ದೂರ ನಿಂತಿದ್ದರೆ ಆ ಮಾತಿಗೆ ಬಲ ಎಲ್ಲಿಂದ ಬರಬೇಕು?

ಅಪಾಯ ಅವನಿಗೆ ತೂರಿನಲ್ಲಿ ತಿಳಿದದ್ದೂ ಅಲ್ಲ. ಪ್ರಯಾಣಕ್ಕೆ ಮೊದಲೇ ರೋಮಾಪುರದವರಿಗೆ ಬರೆದ ಪತ್ರದ 15ನೆಯ ಅಧ್ಯಾಯ ತೆರೆಯಿರಿ. ಯೂದಾಯದಲ್ಲಿರುವ ನಂಬದವರ ಕೈಯಿಂದ ನಾನು ತಪ್ಪಿಸಿಕೊಳ್ಳುವಂತೆ ಪ್ರಾರ್ಥಿಸಿರಿ ಎಂದು ಬೇಡಿಕೊಳ್ಳುತ್ತಾನೆ. ಅದೇ ಉಸಿರಿನಲ್ಲಿ, ಈ ಕಾಣಿಕೆ ಅಲ್ಲಿನ ದೇವಜನರಿಗೆ ಮೆಚ್ಚಿಗೆಯಾಗುವಂತೆಯೂ ಪ್ರಾರ್ಥಿಸಿರಿ ಎನ್ನುತ್ತಾನೆ. ಅವನಿಗೆ ಎರಡು ಹೆದರಿಕೆ ಇದ್ದವು. ಒಂದು, ಕೊಲ್ಲುತ್ತಾರೇನೋ. ಇನ್ನೊಂದು, ತಂದ ಹಣವನ್ನು ತನ್ನವರೇ ಬೇಡ ಎನ್ನುತ್ತಾರೇನೋ. ಎರಡನೆಯದು ಅವನನ್ನು ಹೆಚ್ಚು ಕಾಡಿತ್ತು ಎಂದು ನನಗೆ ಅನ್ನಿಸುತ್ತದೆ.

ಕರಾವಳಿಯವಳು

ಕಾಣಿಕೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಆಗಿನವರು ನಡುಕಟ್ಟಿನ ಮಡಿಕೆಯಲ್ಲಿ ಹಣ ಇಟ್ಟುಕೊಳ್ಳುತ್ತಿದ್ದರು. ಯೇಸು ಶಿಷ್ಯರನ್ನು ಕಳುಹಿಸುವಾಗ ನಡುಕಟ್ಟಿನಲ್ಲಿ ಹಣ ಇಟ್ಟುಕೊಳ್ಳಬೇಡಿ ಎನ್ನುತ್ತಾನಲ್ಲ. ಹಾಗಾದರೆ ಅಗಬ ಹಿಡಿದದ್ದು ಆ ಕಾಣಿಕೆ ಇದ್ದ ನಡುಕಟ್ಟನ್ನೇ ಇರಬಹುದೇ?

ಉಪದೇಶಿಯ ಮೊಮ್ಮಗ

ಚೆಂದದ ಕಲ್ಪನೆ ಅಕ್ಕ, ಆದರೆ ಅಲ್ಲ. ಅಷ್ಟು ಸಭೆಗಳ ಹಣ ಒಬ್ಬನ ಸೊಂಟದಲ್ಲಿ ಹಿಡಿಯುವುದಿಲ್ಲ. ಪೌಲ ಒಬ್ಬನೇ ಹೊತ್ತು ತರಲೂ ಇಲ್ಲ. 20ನೆಯ ಅಧ್ಯಾಯದ 4ನೆಯ ವಚನದಲ್ಲಿ ಊರೂರಿನ ಏಳು ಜನರ ಹೆಸರು ಕೊಟ್ಟಿದೆ, ಬೆರೋಯದವನು, ಥೆಸಲೊನೀಕದವರು, ದೆರ್ಬೆಯವನು, ಏಷ್ಯಸೀಮೆಯವರು ಹೀಗೆ. ಇವರು ಸಭೆಗಳು ಕಳುಹಿಸಿದ ಪ್ರತಿನಿಧಿಗಳು ಎಂದೇ ಹೆಚ್ಚಿನವರು ಓದುತ್ತಾರೆ. ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು ಎಂದು ಎರಡನೆಯ ಕೊರಿಂಥದಲ್ಲಿ ಪೌಲ ಬಿಡಿಸಿ ಹೇಳಿದ್ದಾನೆ. ನಮ್ಮ ಸಭೆಗಳ ಲೆಕ್ಕಪತ್ರ ಸಮಿತಿಗಳು ಆ ವಚನವನ್ನು ಗೋಡೆಗೆ ಹಾಕಿಕೊಳ್ಳಬೇಕು.

ಇತಿಹಾಸದ ವಿದ್ಯಾರ್ಥಿ

ನಾನು ಕ್ರೈಸ್ತನಲ್ಲ, ಪ್ರಾಚೀನ ರೋಮ್ ಸಾಮ್ರಾಜ್ಯದ ಬಗ್ಗೆ ಓದುತ್ತಿರುವವನು. ಆ ಏಳು ಜನರಲ್ಲಿ ಒಬ್ಬನಾದ ಎಫೆಸದ ತ್ರೊಫಿಮನಿಂದಲೇ ಅಲ್ಲವೇ ಗಲಾಟೆ ಆದದ್ದು? ಯೆರೂಸಲೇಮಿನ ದೇವಾಲಯದ ಹೊರ ಅಂಗಳಕ್ಕೆ ಯಾರು ಬೇಕಾದರೂ ಬರಬಹುದಿತ್ತು. ಒಳಗೆ ಒಂದು ಮೋಟು ಗೋಡೆ. ಅದನ್ನು ದಾಟಲು ಯೆಹೂದ್ಯರಲ್ಲದವರಿಗೆ ಅವಕಾಶ ಇರಲಿಲ್ಲ. ಆ ಗೋಡೆಯ ಮೇಲೆ ಕಲ್ಲಿನ ಫಲಕಗಳಿದ್ದವು. ಅಂಥ ಒಂದು ಪೂರ್ತಿ ಫಲಕ 1871ರಲ್ಲಿ ಸಿಕ್ಕಿತು, ಈಗ ಇಸ್ತಾಂಬುಲ್ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೊಂದರ ಚೂರು 1935ರಲ್ಲಿ ಸಿಕ್ಕಿತು. ಗ್ರೀಕಿನಲ್ಲಿ ಕೆತ್ತಿದ ಏಳು ಸಾಲು. ಪರಕೀಯನು ಒಳಗೆ ಕಾಲಿಡಬಾರದು, ಸಿಕ್ಕಿಬಿದ್ದವನು ತನ್ನ ಸಾವಿಗೆ ತಾನೇ ಹೊಣೆ ಎಂಬುದು ಅದರ ಸಾರ.

ತ್ರೊಫಿಮನನ್ನು ಪೌಲನ ಜೊತೆ ಊರಿನಲ್ಲಿ ನೋಡಿದ್ದ ಕೆಲವರು, ಇವನನ್ನು ಒಳಗೂ ಕರೆದುಕೊಂಡು ಬಂದಿದ್ದಾನೆ ಎಂದು ಊಹಿಸಿದರು. ಗಲಾಟೆಯೆದ್ದು ಪೌಲ ಸೆರೆಯಾಗಲು ಅಷ್ಟೇ ಸಾಕಾಯಿತು. ಆ ಕಲ್ಲನ್ನು ನೋಡಿದರೆ ಊರೂರಿನಲ್ಲಿ ಜನ ಯಾಕೆ ಅತ್ತರು ಎಂದು ತಿಳಿಯುತ್ತದೆ.

ಹಳೆಯ ಓದುಗ

ಒಳ್ಳೆಯ ಮಾಹಿತಿ. ಇಲ್ಲಿ ಒಂದು ಮಾತು ಸೇರಿಸುತ್ತೇನೆ, ಮಕ್ಕಳಿಗೆ ಹೇಳುವಾಗ ಬೇಕಾಗುತ್ತದೆ. ಇದನ್ನು "ಯೆಹೂದ್ಯರು ಕೆಟ್ಟವರು" ಎಂಬ ಕಥೆ ಮಾಡಬೇಡಿ. ಪೌಲ ಯೆಹೂದ್ಯ, ಅಗಬ ಯೆಹೂದ್ಯ, ಯೆರೂಸಲೇಮಿನ ಸಭೆಯ ಯಾಕೋಬ ಯೆಹೂದ್ಯ. ಪೌಲನನ್ನು ಉಳಿಸಲು ಸುದ್ದಿ ತಂದ ಅವನ ಅಕ್ಕನೋ ತಂಗಿಯೋ ಹೆತ್ತ ಹುಡುಗನೂ ಅದೇ ಜನಾಂಗದವನು. ಒಂದೇ ಮನೆಯೊಳಗಿನ ಜಗಳ ಅದು.

ನೇರ ಮಾತು

ಅದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಇನ್ನೊಂದು ವಿಷಯ ನೋಡಿ. ಪೌಲ ದೇವಾಲಯಕ್ಕೆ ಹೋದದ್ದು ಯಾಕೆ? ಯಾಕೋಬ ಮತ್ತು ಹಿರಿಯರು, ಹರಕೆ ಹೊತ್ತ ನಾಲ್ಕು ಜನರ ಜೊತೆ ಸೇರಿ ಶುದ್ಧಿ ಮಾಡಿಕೊಂಡು ಅವರ ಖರ್ಚನ್ನೂ ನೀನೇ ಕೊಡು, ಆಗ ನಿನ್ನ ಮೇಲಿನ ಸಂಶಯ ಹೋಗುತ್ತದೆ ಎಂದು ಸಲಹೆ ಕೊಟ್ಟರು. ಆ ಸಲಹೆಯನ್ನು ಪೌಲ ಎರಡು ಮಾತಿಲ್ಲದೆ ಕೇಳಿದ. ಸಿಕ್ಕಿಬಿದ್ದದ್ದು ಅಲ್ಲಿಯೇ. ಅತ್ತು ತಡೆದವರ ಮಾತು ಕೇಳಲಿಲ್ಲ, ಲೆಕ್ಕ ಹಾಕಿ ಹೇಳಿದವರ ಮಾತು ಕೇಳಿದ!

ಕರಾವಳಿಯವಳು

ಇದು ನಿಜಕ್ಕೂ ನಾಟಿತು. ಆದರೆ ಇದರಿಂದ ಪೌಲ ಹಟಮಾರಿಯಲ್ಲ ಎಂದೇ ಸಿದ್ಧವಾಗುತ್ತದಲ್ಲ? ಹಟಮಾರಿಯಾಗಿದ್ದರೆ ಯಾಕೋಬನ ಮಾತನ್ನೂ ತಳ್ಳಿಹಾಕುತ್ತಿದ್ದ. ಹೋಗುವುದೊಂದನ್ನು ಬಿಟ್ಟು ಉಳಿದ ಎಲ್ಲದರಲ್ಲಿಯೂ ಬಗ್ಗಿದ.

ಸಂಡೇಸ್ಕೂಲ್ ಟೀಚರ್

ಮೂರು ದಿನದಿಂದ ಓದುತ್ತಿದ್ದೇನೆ, ಎಲ್ಲರಿಗೂ ಕೃತಜ್ಞತೆ. ಮಗಳ ತಾಯಿ ಅವರ ಮಾತನ್ನು ನನ್ನ ಅಮ್ಮನಿಗೆ ಓದಿ ಹೇಳಿದೆ. ಅಪ್ಪನ ಸಾಲ ಅವರೇ, ನಿಮ್ಮ ಮಾತನ್ನು ಮರೆಯುವುದಿಲ್ಲ. ಆದರೆ 4ನೆಯ ವಚನ ಇನ್ನೂ ನನ್ನ ಗಂಟಲಲ್ಲಿಯೇ ಇದೆ.

ಉಪದೇಶಿಯ ಮೊಮ್ಮಗ

ಟೀಚರ್, ನನ್ನ ಓದು ಹೇಳುತ್ತೇನೆ, ನೇರ ಮಾತು ಅವರು ಒಪ್ಪಲಿಕ್ಕಿಲ್ಲ. 4ನೆಯ ವಚನವನ್ನು 20ನೆಯ ಅಧ್ಯಾಯದ 22 ಮತ್ತು 23ರ ಜೊತೆ ಇಟ್ಟು ಓದಿ. ಆತ್ಮನಿಂದ ಕಟ್ಟಲ್ಪಟ್ಟವನಾಗಿ ಯೆರೂಸಲೇಮಿಗೆ ಹೋಗುತ್ತಿದ್ದೇನೆ, ಬೇಡಿಗಳೂ ಸಂಕಟಗಳೂ ನನಗೆ ಕಾದಿವೆ ಎಂದು ಪವಿತ್ರಾತ್ಮ ಪ್ರತಿಯೊಂದು ಊರಿನಲ್ಲಿಯೂ ಸಾಕ್ಷಿ ಹೇಳುತ್ತಾನೆ ಎನ್ನುತ್ತಾನೆ ಪೌಲ. ಇಲ್ಲಿನ ಕಟ್ಟು ಎಂಬ ಗ್ರೀಕ್ ಕ್ರಿಯಾಪದವೂ ಅಗಬ ಕೈಕಾಲು ಕಟ್ಟಿಕೊಂಡ ಕಡೆ ಇರುವುದೂ ಒಂದೇ. ಅಗಬ ಬರುವುದಕ್ಕೆ ಮೊದಲೇ ಪೌಲ ಕಟ್ಟಲ್ಪಟ್ಟಿದ್ದ! ತೂರಿನಲ್ಲಿ ನಡೆದದ್ದು ಆ "ಪ್ರತಿಯೊಂದು ಊರಿನ" ಇನ್ನೊಂದು ಊರು. ಲೂಕ ಎರಡನ್ನೂ, ಅಂದರೆ ಆತ್ಮನು ತೋರಿಸಿದ್ದನ್ನೂ ಜನ ಹೇಳಿದ್ದನ್ನೂ, ಒಂದೇ ವಾಕ್ಯದಲ್ಲಿ ಅಡಕ ಮಾಡಿದ್ದಾನೆ.

ಜೊತೆಗೆ ಅರಸುಗಳು ಮೊದಲನೆಯ ಪುಸ್ತಕದ 13ನೆಯ ಅಧ್ಯಾಯ ಇದೆ. ದೇವರು ನೇರವಾಗಿ ಹೇಳಿದ ಮಾತನ್ನು ಬಿಟ್ಟು, ಇನ್ನೊಬ್ಬ ಮುದಿ ಪ್ರವಾದಿಯ ಮಾತು ಕೇಳಿ ಊಟಕ್ಕೆ ಹೋದ ದೇವರ ಮನುಷ್ಯನನ್ನು ದಾರಿಯಲ್ಲಿ ಸಿಂಹ ಕೊಂದಿತು. ಆ ಕಥೆ ಪೌಲನಿಗೆ ಗೊತ್ತಿಲ್ಲದೆ ಇರಲಾರದು.

ನೇರ ಮಾತು

ಒಪ್ಪಲಿಕ್ಕಿಲ್ಲ ಎಂದು ನೀವೇ ಹೇಳಿಬಿಟ್ಟಿರಿ! ಆ ಮುದಿ ಪ್ರವಾದಿ ಸುಳ್ಳು ಹೇಳಿದ ಎಂದು ಅದೇ ಅಧ್ಯಾಯದಲ್ಲಿ ಬರೆದಿದೆ. ತೂರಿನವರು ಸುಳ್ಳು ಹೇಳಿದರು ಎಂದು ಎಲ್ಲಿಯೂ ಬರೆದಿಲ್ಲ. 20ರ 22ರಲ್ಲಿಯೂ ಅದು ಪವಿತ್ರಾತ್ಮನೋ ಪೌಲನ ಸ್ವಂತ ಆತ್ಮವೋ ಎಂಬುದು ತೀರ್ಮಾನವಾಗಿಲ್ಲ. ಗ್ರೀಕಿನಲ್ಲಿ ಬರೀ "ಆತ್ಮ" ಎಂದಿದೆ. ಮುಂದಿನ ವಚನದಲ್ಲಿ "ಪವಿತ್ರ" ಎಂದು ಸೇರಿಸಿದ ಲೂಕ ಇಲ್ಲಿ ಸೇರಿಸಲಿಲ್ಲ.

ಆದರೆ ರೋಮಾಪುರದ ಪತ್ರದ 15ನೆಯ ಅಧ್ಯಾಯಕ್ಕೆ ನನ್ನ ಬಳಿ ಉತ್ತರ ಇಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಹೆದರಿಕೆ ಇದೆ ಎಂದು ಮೊದಲೇ ಹೇಳಿ, ಪ್ರಾರ್ಥಿಸಿ ಎಂದು ಕೇಳಿಕೊಂಡು ಹೊರಟವನನ್ನು ಹಟಮಾರಿ ಎನ್ನಲು ನಾಲಿಗೆ ಏಳುವುದಿಲ್ಲ.

ಗದಗಿನ ಓದುಗ

ಕೊನೆಗೆ ಆ ಪ್ರಾರ್ಥನೆಗೆ ಏನಾಯಿತು? ನಲವತ್ತಕ್ಕಿಂತ ಹೆಚ್ಚು ಜನ, ಪೌಲನನ್ನು ಕೊಲ್ಲುವವರೆಗೆ ಅನ್ನ ನೀರು ಮುಟ್ಟುವುದಿಲ್ಲ ಎಂದು ಶಪಥ ಮಾಡಿದರು. ಸೋದರಳಿಯ ಸುದ್ದಿ ತಂದ. ರೋಮ್ ಸೇನೆಯ ಸಹಸ್ರಾಧಿಪತಿ ಕ್ಲೌದ್ಯ ಲೂಸ್ಯ ರಾತ್ರಿ ಒಂಬತ್ತು ಗಂಟೆಯ ಹೊತ್ತಿಗೆ 200 ಸಿಪಾಯಿಗಳು, 70 ಕುದುರೆ ಸವಾರರು, 200 ಭರ್ಜಿಯವರ ಕಾವಲಿನಲ್ಲಿ ಕಳುಹಿಸಿದ. ಒಬ್ಬ ಕೈದಿಗೆ 470 ಜನ! ಯೂದಾಯದ ನಂಬದವರ ಕೈಯಿಂದ ತಪ್ಪಿಸು ಎಂಬ ಪ್ರಾರ್ಥನೆ ಸಂಕೋಲೆಯ ಮೂಲಕವೇ ನೆರವೇರಿತು.

ಮಗಳ ತಾಯಿ

ಕೈಸರೈಯಕ್ಕೇ ಅಲ್ಲವೇ ಕರೆದುಕೊಂಡು ಬಂದದ್ದು? ಅತ್ತವರ ಊರಿಗೇ?

ಉಪದೇಶಿಯ ಮೊಮ್ಮಗ

ಹೌದಮ್ಮಾ. ಫಿಲಿಪ್ಪ ಮತ್ತು ಅವನ ನಾಲ್ಕು ಹೆಣ್ಣುಮಕ್ಕಳು ಇದ್ದ ಊರಿಗೇ. ಎರಡು ವರ್ಷ ಅಲ್ಲಿಯೇ ಸೆರೆ. ಅವನ ಸ್ನೇಹಿತರು ಬಂದು ಉಪಚಾರ ಮಾಡುವುದನ್ನು ತಡೆಯಬಾರದು ಎಂದು ದೇಶಾಧಿಪತಿ ಫೇಲಿಕ್ಸ ಶತಾಧಿಪತಿಗೆ ಅಪ್ಪಣೆ ಕೊಟ್ಟ ಎಂದು 24ರ 23ರಲ್ಲಿದೆ.

ಮಗಳ ತಾಯಿ

ಹಾಗಾದರೆ ಅವರೂ ತಟ್ಟೆ ತೆಗೆದುಕೊಂಡು ಹೋಗಿರುತ್ತಾರೆ.

ಅಪ್ಪನ ಸಾಲ

ಉಪದೇಶಿಯ ಮೊಮ್ಮಗ ಅವರೇ, ಕೈಗಳ ವಿಷಯ ಬರೆದಿರಲ್ಲ, ಅದನ್ನು ಅಮ್ಮನಿಗೆ ಓದಿ ಹೇಳಿದೆ. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಪ್ಪನ ಬೈಬಲನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಆ ಪುಟದ ಅಂಚಿನಲ್ಲಿ ಅಪ್ಪನ ಅಕ್ಷರದಲ್ಲಿ ಪೆನ್ಸಿಲ್ ಗುರುತುಗಳಿವೆ. ನಿಧಾನವಾಗಿ ಓದುತ್ತೇನೆ.

ಸಂಡೇಸ್ಕೂಲ್ ಟೀಚರ್ (ಭಾನುವಾರ, ಮಧ್ಯಾಹ್ನ 2.15)

ಪಾಠ ಮುಗಿಸಿ ಬಂದೆ. ಈ ಸಲ ಕಥೆ ಹೇಳುವ ಬದಲು ಮಾಡಿಸಿದೆ. ನನ್ನ ಉದ್ದದ ದುಪಟ್ಟಾವನ್ನು ಒಬ್ಬ ಹುಡುಗನ ಸೊಂಟಕ್ಕೆ ಸುತ್ತಿ ಪೌಲನನ್ನಾಗಿ ಮಾಡಿದೆ. ಪ್ರಶ್ನೆ ಕೇಳಿದ್ದ ಹುಡುಗನೇ ಅಗಬ. ಅವನು ನೆಲದ ಮೇಲೆ ಕುಳಿತು ಕಾಲು ಕಟ್ಟಿಕೊಂಡ. ಕೈಗಳಿಗೆ ಬಂದಾಗ ಗಂಟು ಹಾಕಲು ಆಗಲಿಲ್ಲ. ಎರಡು ಸಲ ಬಿಚ್ಚಿಹೋಯಿತು. ಮೂರನೆಯ ಸಲ ಮಣಿಕಟ್ಟಿಗೆ ಸುತ್ತಿ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. ಆಮೇಲೆ ಅಗಬನ ಮಾತು ಹೇಳಬೇಕಲ್ಲ, ಬಾಯಿ ಬಿಟ್ಟರೆ ಕಟ್ಟು ಸಡಿಲವಾಗುತ್ತದೆ. ಹಲ್ಲು ಕಚ್ಚಿಕೊಂಡೇ ಹೇಳಿದ. ಯಾರೂ ನಗಲಿಲ್ಲ.

ಅವನಿಗೆ ಅಗಬನ ಮಾತು, ಜನರ ಬೇಡಿಕೆ, ಕಾಣಿಕೆ, ರೋಮಾಪುರದ ಪತ್ರ ಎಲ್ಲವನ್ನೂ ಹೇಳಿದೆ. 4ನೆಯ ವಚನ ಓದಿಸಿ, ಇದರ ಬಗ್ಗೆ ದೊಡ್ಡವರೂ ಒಂದು ವಾರದಿಂದ ವಾದ ಮಾಡುತ್ತಿದ್ದಾರೆ ಎಂದೂ ಹೇಳಿದೆ. ಅವನು ಮಣಿಕಟ್ಟನ್ನು ಉಜ್ಜಿಕೊಳ್ಳುತ್ತಾ ಕೇಳಿದ, "ಟೀಚರ್, ಆಮೇಲೆ ಅಗಬನ ಕಟ್ಟು ಬಿಚ್ಚಿದವರು ಯಾರು? ಪೌಲನೇ ಬಿಚ್ಚಿದನೇ?"

ಕರಾವಳಿಯವಳು

ಅಯ್ಯೋ ದೇವರೇ. ಲೂಕ ಅದನ್ನು ಬರೆದಿಲ್ಲ.

ಸರಕು ಹಡಗಿನವನು

ಪೌಲನೇ ಬಿಚ್ಚಿರಬೇಕು. ನಡುಕಟ್ಟು ಅವನದು, ಮುಂದಿನ ಪ್ರಯಾಣಕ್ಕೆ ಕಟ್ಟಿಕೊಳ್ಳಬೇಕಿತ್ತು.